ಕಾಟ್ಲಾ ಮೀನು ಬೇಕಾದ್ರೆ ಗಾಳ ತಳಕ್ಕೆ ಬಿಡಬೇಡಿ

ಮಂಡ್ಯ ಸುತ್ತಮುತ್ತಲ ಕೆರೆಗಳಿಗೆ ಭಾನುವಾರ ಗಾಳ ಹಿಡಿದು ಹೋಗೋ ಅಣ್ಣತಮ್ಮಂದಿರಿಗೆ ಒಂದು ಮಾತು. ಮೊದಲು ಕೆರೆ ಗುತ್ತಿಗೆ ಹಿಡಿದವರನ್ನ ಕೇಳಿ. ಕೇಳದೆ ಕೂತ್ರೆ ಜಗಳ ಗ್ಯಾರಂಟಿ.

ಇನ್ನು ಬೆಂಡಿನ ವಿಷಯ, ಅದೇ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಸೋ ತುಂಡು. ಎಷ್ಟೋ ಜನ ಎಲ್ಲಾ ಮೀನಿಗೂ ಒಂದೇ ಆಳಕ್ಕೆ ಕಟ್ತಾರೆ. ಕಾಟ್ಲಾ ಮೇಯೋದು ಮೇಲ್ನೀರಲ್ಲಿ, ಅದರ ಬಾಯೇ ಮೇಲ್ಮುಖ. ರೋಹು ನಡುನೀರು. ಮೃಗಾಲ್, ಸಾಮಾನ್ಯ ಗೆಂಡೆ ತಳದ ಕೆಸರಲ್ಲಿ. ಹಾಗಾಗಿ ಕಾಟ್ಲಾಗೆ ಬೆಂಡಿನಿಂದ ಒಂದೆರಡು ಮೊಳ ದಾರ ಸಾಕು, ಗೆಂಡೆಗೆ ಗಾಳ ನೆಲ ಮುಟ್ಟಬೇಕು. ಇದು ತಿಳೀದೆ ನಾನು ಎರಡು ವರ್ಷ ಬರೀ ಅಂಗೈಯಗಲದ ಜಿಲೇಬಿ ಮೀನು (ತಿಲಾಪಿಯಾ) ಹಿಡ್ಕೊಂಡು ಹೋಗಿ, ‘ಬರೀ ಮುಳ್ಳು’ ಅಂತ ಮನೇಲಿ ಬೈಸಿಕೊಂಡೆ.

ಮೇವಿಗೆ ಕಡ್ಲೆಕಾಯಿ ಹಿಂಡಿ ನೆನೆಸಿ, ರಾಗಿಹಿಟ್ಟು ಹಾಕಿ ಗಟ್ಟಿಯಾಗಿ ನಾದಿ. ಉಂಡೆ ಒತ್ತಿದ್ರೆ ಬಿರುಕು ಬಿಡಬಾರದು. ಬಿಟ್ರೆ ನೀರಿಗೆ ಬಿದ್ದ ತಕ್ಷಣ ಉದುರಿ ಬರೀ ಕೊಕ್ಕೆ ಉಳಿಯುತ್ತೆ. ಕೂರೋ ಜಾಗದಲ್ಲಿ ಒಂದು ಹಿಡಿ ಮೊದಲೇ ಎರಚಿ, ಅರ್ಧ ಗಂಟೆ ಸುಮ್ನಿರಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬಿಟ್ಟಾಗ ಕೆರೆಗೆ ನೀರು ಬೀಳೋ ಕಡೆ ಕೂರಿ. ತೂಬಿನ ಹತ್ರ ಮಾತ್ರ ಇಳೀಬೇಡಿ, ಸೆಳೆತ ಇರುತ್ತೆ. ತುಂಡಾದ ನೈಲಾನ್ ದಾರ ಜೇಬಿಗೆ ಹಾಕ್ಕೊಳ್ಳಿ, ಕೊಕ್ಕರೆ ಕಾಲಿಗೆ ಸುತ್ಕೊಳ್ಳುತ್ತೆ.