ಓಟಿ ಇರುವವರಿಗೂ ನಡೆಯುವ ಇಂಗ್ಲಿಷ್ ತರಗತಿ: ನನ್ನ ಅನುಭವ

ಬೆಂಗಳೂರಿನ ಪೀಣ್ಯದ ಆಸುಪಾಸಿನಲ್ಲಿ, ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಕಡೆಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಕೆಲವು ವರ್ಷಗಳಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ತಮ್ಮ ಕಡೆಯೂ ಇಂಥದ್ದೊಂದು ತರಗತಿ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ‘ಯಾವ ಪುಸ್ತಕ ಇಟ್ಕೊಂಡಿದ್ದೀರಿ?’ ಅಂತ. ಪುಸ್ತಕದ ಮಾತು ಆಮೇಲೆ. ಬರುವವರ ವಾರ ಹೇಗೆ ಕಳೆಯುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು.

ಸೋಮವಾರದಿಂದ ಶನಿವಾರದವರೆಗೆ ಫ್ಯಾಕ್ಟರಿ. ಬೆಳಗ್ಗೆ ಅಡುಗೆ, ಮಕ್ಕಳ ಡಬ್ಬಿ, ಆಮೇಲೆ ಓಟ. ಸಂಜೆ ಬಂದರೆ ಮತ್ತೆ ಅಡುಗೆಮನೆ. ಭಾನುವಾರ ಬೆಳಗ್ಗೆ ವಾರದ ಬಟ್ಟೆ ಒಗೆಯಬೇಕು, ರೇಷನ್ ತರಬೇಕು. ಇದನ್ನೆಲ್ಲ ಕೂತು ಕೇಳಿದ ಮೇಲೆ ಉಳಿದದ್ದು ಭಾನುವಾರ ಮಧ್ಯಾಹ್ನ 3ರಿಂದ 4.30, ಮತ್ತೆ ವಾರದ ಮಧ್ಯೆ ಒಂದು ರಾತ್ರಿ ಮುಕ್ಕಾಲು ಗಂಟೆ. ಸಮಯವನ್ನು ಅವರೇ ಆರಿಸಿದರು. ಮಕ್ಕಳನ್ನು ಕರೆದುಕೊಂಡು ಬರಬಹುದು ಅಂತ ಮೊದಲೇ ಹೇಳಿದೆ. ಆ ಒಂದು ಮಾತಿಲ್ಲದಿದ್ದರೆ ಎಷ್ಟೋ ತಾಯಂದಿರು ಬರುತ್ತಲೇ ಇರಲಿಲ್ಲ.

ಇಷ್ಟಾದರೂ ಎಲ್ಲರೂ ಎಲ್ಲ ತರಗತಿಗೆ ಬರುವುದಿಲ್ಲ. ಶಿಪ್‌ಮೆಂಟ್ ಹತ್ತಿರ ಬಂದರೆ ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ. ಮಗುವಿಗೆ ಜ್ವರ ಬಂದರೆ ರಜೆ. ಊರಲ್ಲಿ ಜಾತ್ರೆ ಇದ್ದರೆ ವಾರವಿಡೀ ಇಲ್ಲ. ಶಾಲೆಯ ಪಾಠದ ಹಾಗೆ ಹೋದ ವಾರದ್ದರ ಮೇಲೆ ಈ ವಾರದ್ದು ಕಟ್ಟಿದರೆ, ಎರಡು ತರಗತಿ ತಪ್ಪಿದವರು ಮೂರನೆಯದಕ್ಕೆ ಬರಲು ಮುಜುಗರಪಡುತ್ತಾರೆ. ಹಾಗೇ ಬಿಟ್ಟೂಬಿಡುತ್ತಾರೆ. ಅದಕ್ಕೇ ನನ್ನ ಯೋಜನೆಯ ಮುಖ್ಯ ನಿಯಮ ಇದು: ಪ್ರತಿ ತರಗತಿ ಅವತ್ತಿಗೆ ಅವತ್ತೇ ಪೂರ್ತಿಯಾಗಬೇಕು. ಹೋದ ವಾರ ಬಾರದವರೂ ಇವತ್ತಿನದನ್ನು ಮಾಡಿ ಮುಗಿಸುವ ಹಾಗಿರಬೇಕು. ಒಂದು ಕಾಗದ, ಅದಕ್ಕೆ ಬೇಕಾದ ನಾಲ್ಕೈದು ವಾಕ್ಯ, ಜೊತೆಯವರ ಹತ್ತಿರ ಮಾಡುವ ಒಂದು ಕೆಲಸ. ಅಷ್ಟೇ ಒಂದು ತರಗತಿ. ಹಳೆಯ ವಾಕ್ಯಗಳು ಹೊಸ ಕಾಗದದ ಜೊತೆ ತಾವಾಗಿಯೇ ಮತ್ತೆ ಬರುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಯಾವ ಕಾಗದ? ‘ನಿಮಗೆ ಇಂಗ್ಲಿಷ್ ಯಾಕೆ ಬೇಕು?’ ಅಂತ ಕೇಳಿದರೆ ‘ಎಲ್ಲರ ಥರ ಮಾತಾಡ್ಬೇಕು ಮೇಡಂ’ ಅನ್ನುತ್ತಾರೆ. ಅದು ನಿಜವಾದ ಆಸೆಯೇ, ಆದರೆ ಅದರಿಂದ ಪಾಠ ಹೊಳೆಯುವುದಿಲ್ಲ. ಹಾಗಾಗಿ ಬೇರೆ ಪ್ರಶ್ನೆ ಕೇಳುತ್ತೇನೆ: ‘ಹೋದ ವಾರ ಇಂಗ್ಲಿಷ್ ಎಲ್ಲಿ ಎದುರಾಯ್ತು? ಆಗ ಏನ್ ಮಾಡಿದ್ರಿ?’ ಜೊತೆಗೆ, ಬ್ಯಾಗಿನಲ್ಲಿ, ಬೀರುವಿನಲ್ಲಿ ಇರುವ ಇಂಗ್ಲಿಷ್ ಕಾಗದ ಎಲ್ಲ ತನ್ನಿ ಅನ್ನುತ್ತೇನೆ. ಮೇಜಿನ ಮೇಲೆ ಮಗುವಿನ ಸ್ಕೂಲ್ ಡೈರಿ, ಮಾತ್ರೆಯ ಸ್ಟ್ರಿಪ್, ಸ್ಯಾಲರಿ ಸ್ಲಿಪ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್, ಬ್ಯಾಂಕ್ ಚಲನ್ ಎಲ್ಲ ಬಂದು ಬೀಳುತ್ತವೆ. ಮೊಬೈಲಿನ ಮೆಸೇಜುಗಳೂ ಸೇರುತ್ತವೆ. ಆ ರಾಶಿಯೇ ಸಿಲಬಸ್. ಅದನ್ನು ನೋಡಿದಾಗ ಇನ್ನೊಂದು ಸಂಗತಿಯೂ ಕಾಣುತ್ತದೆ. ಇವರಿಗೆ ಮಾತಿಗಿಂತ ಓದು ಜಾಸ್ತಿ ಬೇಕು. ಫ್ಯಾಕ್ಟರಿಯ ಹೊಲಿಗೆ ಲೈನಿನಲ್ಲಿ ಕನ್ನಡ, ಹಿಂದಿ ಸಾಕಾಗುತ್ತದೆ. ಇಂಗ್ಲಿಷ್ ಮಾತು ಬೇಕಾಗುವುದು ಮುಖ್ಯವಾಗಿ ಮಕ್ಕಳ ಸ್ಕೂಲಿನಲ್ಲಿ, ಕೆಲವೊಮ್ಮೆ ಬ್ಯಾಂಕಿನಲ್ಲಿ.

ಮಟ್ಟ ತಿಳಿಯಲು ನಾನು ಪರೀಕ್ಷೆ ಇಡುವುದಿಲ್ಲ. ಪರೀಕ್ಷೆ ಅಂದರೆ ಇವರಲ್ಲಿ ಅನೇಕರಿಗೆ ಶಾಲೆ ಬಿಟ್ಟ ದಿನ ನೆನಪಾಗುತ್ತದೆ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007–08ರಲ್ಲಿ. ಅದಕ್ಕೂ ಮುಂಚೆ ಓದಿದವರಿಗೆ ಅದು ಐದನೇ ತರಗತಿಯಿಂದ. ಏಳಕ್ಕೆ ಶಾಲೆ ಬಿಟ್ಟವರಿಗೆ ಸಿಕ್ಕ ಇಂಗ್ಲಿಷ್ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಹೆಸರು, ಊರು, ಫೋನ್ ನಂಬರ್, ಹುಟ್ಟಿದ ತಾರೀಖು ಬರೆಯುವ ಒಂದು ಸಣ್ಣ ಫಾರಂ ಕೊಡುತ್ತೇನೆ. ಅದು ಹೆಂಗೂ ರಿಜಿಸ್ಟರಿಗೆ ಬೇಕಲ್ವಾ. ದೊಡ್ಡಕ್ಷರ ಮಾತ್ರ ಬರುವವರು ಯಾರು, ಓದಲು ಬಂದರೂ ಬಾಯಿ ಬಿಡದವರು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅಕ್ಷರ ಬಾರದವರಿಗೂ ಇಂಗ್ಲಿಷ್ ಬರುವುದೇ ಇಲ್ಲ ಅನ್ನುವ ಹಾಗಿಲ್ಲ. ಕಾಲರ್, ಕಫ್, ಸ್ಲೀವ್, ಪಾಕೆಟ್, ಪೀಸ್, ಟಾರ್ಗೆಟ್, ರಿಜೆಕ್ಟ್, ಆಲ್ಟರೇಷನ್, ಶಾರ್ಟೇಜ್. ದಿನವಿಡೀ ಇದೇ ಮಾತು. ಮೊದಲ ದಿನ ಅವರು ಹೇಳುತ್ತಾ ಹೋಗುತ್ತಾರೆ, ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತೇನೆ. ಬೋರ್ಡ್ ತುಂಬುತ್ತದೆ. ಅಕ್ಷರ ಕಲಿಯುವುದು ಆ ಪದಗಳಿಂದಲೇ. ಆಪಲ್, ಬಾಲ್ ಅಂತ ಪುಟ್ಟ ಮಕ್ಕಳ ಚಾರ್ಟ್ ತಂದು ದೊಡ್ಡವರ ಮುಂದೆ ಇಡುವುದು ನನಗೆ ಸರಿ ಕಾಣುವುದಿಲ್ಲ.

ಸ್ಯಾಲರಿ ಸ್ಲಿಪ್ಪಿನ ತರಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಬಳ ಅವರವರ ಗುಟ್ಟು, ಹಾಗಾಗಿ ಅಭ್ಯಾಸದ ಸ್ಲಿಪ್ ನಾನೇ ಬರೆಯುತ್ತೇನೆ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 14,000 ರೂಪಾಯಿ. ಪಿಎಫ್ (ಭವಿಷ್ಯನಿಧಿ) ಅದರ ಶೇ. 12, ಅಂದರೆ 1,680. ಇಎಸ್‌ಐ ಶೇ. 0.75, ಅಂದರೆ 105. ಕೈಗೆ ಬರುವುದು 12,215. ಲೆಕ್ಕವನ್ನು ಮೊದಲು ಕನ್ನಡದಲ್ಲೇ ಮಾಡುತ್ತೇವೆ. ಅರ್ಥವಾಗದ ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದಿ ಏನು ಪ್ರಯೋಜನ? ಆಮೇಲೆ ಸ್ಲಿಪ್ಪನ್ನು ಎರಡು ಹಾಳೆ ಮಾಡಿ ಜೋಡಿಗಳಿಗೆ ಹಂಚುತ್ತೇನೆ. ಒಬ್ಬರ ಹಾಳೆಯಲ್ಲಿ ಕೆಲಸದ ದಿನ ಮತ್ತು ಸಂಬಳ, ಇನ್ನೊಬ್ಬರದರಲ್ಲಿ ಕಡಿತ. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ, ಕೇಳಿಯೇ ತುಂಬಬೇಕು. ‘ಹೌ ಮೆನಿ ಡೇಸ್?’, ‘ಹೌ ಮಚ್ ಈಸ್ ದ ಪಿಎಫ್?’ ಕೊನೆಗೆ ದಿನಗಳು ಕಡಿಮೆ ಇರುವ ಇನ್ನೊಂದು ತಿಂಗಳ ಸ್ಲಿಪ್ ಕೊಟ್ಟು ‘ವೈ ಈಸ್ ಇಟ್ ಲೆಸ್?’ ಕೇಳಿಸುತ್ತೇನೆ. ಉತ್ತರ ‘ಟೂ ಡೇಸ್ ಲೀವ್’ ಅಂತ ಬಂದರೆ ಸಾಕು. ಮನೆಗೆ ಹೋಗಿ ತಮ್ಮ ಸ್ಲಿಪ್ ತೆಗೆದು ನೋಡುತ್ತಾರೆ. ಪಿಎಫ್ ಖಾತೆಯ 12 ಅಂಕಿಯ ಯುಎಎನ್ ನಂಬರ್ ಎಲ್ಲಿದೆ ಅಂತ ಅವತ್ತೇ ಮೊದಲ ಸಲ ಹುಡುಕಿಕೊಂಡವರಿದ್ದಾರೆ.

ಈ ಥರ ಕೆಲಸ ಕೊಟ್ಟು ಭಾಷೆ ಕಲಿಸುವುದಕ್ಕೆ ಬೆಂಗಳೂರಿನ ಜೊತೆ ಹಳೆಯ ನಂಟಿದೆ. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು 1979ರಲ್ಲಿ ಶುರು ಮಾಡಿದ ಪ್ರಯೋಗವನ್ನು ಭಾಷಾ ಬೋಧನೆಯ ಜಗತ್ತು ಇವತ್ತಿಗೂ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತದೆ. ಅದು ನಡೆದದ್ದು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ, ಮಕ್ಕಳಿಗಾಗಿ. ಗ್ರಾಮರ್ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದ ಕಡೆ ಇದ್ದಾಗ ಭಾಷೆಯ ರೂಪ ತಾನಾಗಿ ಕೂರುತ್ತದೆ ಅನ್ನುವುದು ಅವರ ವಾದ. ದೊಡ್ಡವರ ವಿಷಯದಲ್ಲಿ ನಾನು ಅದನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿಗೆ ಗ್ರಾಮರ್ ಬೇಕು, ಅದರಲ್ಲೂ ಪ್ರಶ್ನೆ ಕೇಳುವ ರೀತಿ. ಅದನ್ನು ಬೋರ್ಡಿನ ಮೇಲೆ ಬರೆದು, ಕನ್ನಡದಲ್ಲಿ ವಿವರಿಸುತ್ತೇನೆ. ದೊಡ್ಡವರು ‘ಹೀಗ್ಯಾಕೆ?’ ಅಂತ ಕೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡದೆ ‘ಸುಮ್ನೆ ಹೇಳ್ತಾ ಹೋಗಿ, ಬರುತ್ತೆ’ ಅನ್ನುವುದು ಅವರ ಬುದ್ಧಿಗೆ ಮಾಡುವ ಅಗೌರವ.

ತಪ್ಪು ತಿದ್ದುವುದರಲ್ಲಿ ಮಾತ್ರ ಕೈ ಬಿಗಿ ಹಿಡಿಯುತ್ತೇನೆ. ಸ್ಕೂಲ್ ಮೀಟಿಂಗಿನ ತಾಲೀಮಿನಲ್ಲಿ ನಾನು ಟೀಚರ್ ಆಗಿ ಕೂರುತ್ತೇನೆ, ಒಬ್ಬೊಬ್ಬರೇ ಬಂದು ಮಾತಾಡುತ್ತಾರೆ. ‘ಮೈ ಡಾಟರ್ ರೀಡಿಂಗ್ ಹೌ?’ ಅಂತ ಒಬ್ಬರು ಕೇಳಿದರು. ಅರ್ಥ ಮುಟ್ಟಿತು, ಉತ್ತರ ಕೊಟ್ಟೆ. ಉತ್ತರದೊಳಗೇ ಸರಿಯಾದ ವಾಕ್ಯ ಸೇರಿಸಿದೆ. ಮುಂದಿನವರು ಅದನ್ನೇ ಹಿಡಿದು ‘ಹೌ ಈಸ್ ಹರ್ ರೀಡಿಂಗ್?’ ಅಂದರು. ಅರ್ಥ ಕೆಟ್ಟರೆ ನಿಲ್ಲಿಸುತ್ತೇನೆ. ನಂಬರ್, ತಾರೀಖು, ಮಾತ್ರೆಯ ಲೆಕ್ಕ ತಪ್ಪಿದರಂತೂ ಅಲ್ಲೇ ತಿದ್ದುತ್ತೇನೆ.

ವರ್ಷದ ಲೆಕ್ಕವನ್ನೂ ಅವರ ಕ್ಯಾಲೆಂಡರ್ ನೋಡಿಯೇ ಹಾಕುತ್ತೇನೆ. ಸ್ಕೂಲ್ ಶುರುವಾಗುವ ಮೇ ಕೊನೆ, ಜೂನ್‌ನಲ್ಲಿ ಅಡ್ಮಿಷನ್ ಫಾರಂ, ಡೈರಿ. ಮಳೆಗಾಲದಲ್ಲಿ ಜ್ವರ ಜಾಸ್ತಿ, ಆಗ ಡಾಕ್ಟರ್ ಚೀಟಿ, ಮಾತ್ರೆ. ಓಟಿ ಇರುವ ವಾರಗಳಲ್ಲಿ ತರಗತಿಯ ಐದು ವಾಕ್ಯಗಳನ್ನು ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತೇನೆ. ಒಂದು ನಿಮಿಷಕ್ಕಿಂತ ಉದ್ದ ಇದ್ದರೆ ಯಾರೂ ಕೇಳುವುದಿಲ್ಲ.

ಕಲಿತದ್ದರ ಲೆಕ್ಕಕ್ಕೆ ನೋಟ್‌ಬುಕ್ಕಿನ ಕೊನೆಯ ಪುಟ ಮೀಸಲು. ಮೇಲೆ ‘ಈಗ ಮಾಡ್ತೀನಿ’ ಅಂತ ಬರೆದಿರುತ್ತದೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ವರೆಗಿನ ಆರು ಭಾಷಾ ಮಟ್ಟಗಳಲ್ಲೂ ಅಳತೆ ಇದೇ, ಕಲಿಯುವವರು ಏನು ಮಾಡಬಲ್ಲರು ಅನ್ನುವುದು. ನನಗೆ ಅಷ್ಟು ಉದ್ದದ ಪಟ್ಟಿ ಬೇಕಿಲ್ಲ. ಡೈರಿ ಓದಿ ಸಹಿ ಹಾಕಿದೆ, ಬ್ಯಾಂಕಿನಲ್ಲಿ ಚಲನ್ ನಾನೇ ತುಂಬಿದೆ ಅಂತ ಅವರೇ ತಾರೀಖು ಹಾಕಿ ಬರೆಯುತ್ತಾರೆ. ಮುಂದಿನ ಕಾಗದ ಯಾವುದು ಅಂತ ಆ ಪುಟ ನೋಡಿ ನಿರ್ಧರಿಸುತ್ತೇನೆ.

ಈಗ ಕೆಲವು ಟೈಲರ್‌ಗಳು ಸೂಪರ್‌ವೈಸರ್ ಆಗಬೇಕು ಅಂತಿದ್ದಾರೆ. ಅದಕ್ಕೆ ಗಂಟೆಗಂಟೆಯ ಪ್ರೊಡಕ್ಷನ್ ಶೀಟ್ ತುಂಬಲು ಬರಬೇಕು, ಡಿಫೆಕ್ಟ್ ಏನು ಅಂತ ಬರೆಯಲು ಬರಬೇಕು, ಟಾರ್ಗೆಟ್ ಯಾಕೆ ಮುಟ್ಟಲಿಲ್ಲ ಅಂತ ಒಂದು ಸಾಲಿನಲ್ಲಿ ಹೇಳಲು ಬರಬೇಕು. ಇದು ಡೈರಿ, ಮಾತ್ರೆಯ ಪಾಠದ ಜೊತೆ ಸೇರುವುದಿಲ್ಲ, ಬೇರೆ ಬ್ಯಾಚೇ ಬೇಕು. ಗೌರಿ ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬಂದ ಮೇಲೆ ಶುರು ಮಾಡೋಣ ಅಂತ ಮಾತಾಗಿದೆ. ಖಾಲಿ ಪ್ರೊಡಕ್ಷನ್ ಶೀಟ್ ಹೇಗಿರುತ್ತದೆ ಅಂತ ಅವರೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಂದು ತೋರಿಸಿದ್ದಾರೆ.