ಕೋಳಿ ಎಲುಬು ಬಿಸಾಡಬೇಡಿ, ರಸ ಕುದಿಸಿ

ಚಿಕನ್ ಅಂಗಡಿಯಲ್ಲಿ ಬೋನ್‌ಲೆಸ್ ತಗೊಳ್ಳುವವರು ಎಲುಬು ಅಲ್ಲೇ ಬಿಟ್ಟು ಬರುತ್ತಾರೆ. ಅದನ್ನು ಕೇಳಿ ತನ್ನಿ. ಅರ್ಧ ಕೆಜಿ ಎಲುಬಿಗೆ ನಾಲ್ಕೈದು ಕೋಳಿ ಕಾಲು ಇರಲೇಬೇಕು, ರಸಕ್ಕೆ ಅಂಟು ಬರುವುದೇ ಅದರಿಂದ. ಕಾಲನ್ನು ಕುದಿಯುವ ನೀರಲ್ಲಿ ಸ್ವಲ್ಪ ಅದ್ದಿ ತೆಗೆದರೆ ಹಳದಿ ಸಿಪ್ಪೆ ಕಾಲುಚೀಲದ ಹಾಗೆ ಕಳಚುತ್ತೆ. ಉಗುರು ಕತ್ತರಿಸಿ.

ಎಲುಬನ್ನು ಐದು ನಿಮಿಷ ಕುದಿಸಿ, ಆ ನೊರೆ ನೀರು ಚೆಲ್ಲಿ. ಆಮೇಲೆ ಒಂದೂವರೆ ಲೀಟರ್ ಹೊಸ ನೀರು, ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಒಂದು ಚಮಚ ಲಿಂಬೆರಸ. ಸಣ್ಣ ಉರಿಯಲ್ಲಿ ಮೂರ್ನಾಲ್ಕು ಗಂಟೆ. ಗ್ಯಾಸ್ ಉಳಿಸಬೇಕಾ? ಕುಕ್ಕರಲ್ಲಿ ಒಂದು ಸೀಟಿ ಆದ ಮೇಲೆ ಸಿಮ್‌ನಲ್ಲಿ ಒಂದು ಗಂಟೆ ಸಾಕು. ನಾನು ಹಾಗೇ ಮಾಡುವುದು. ಉಪ್ಪು ಕೊನೆಗೆ.

ಸೋಸಿದ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಒಮ್ಮೆ ಮೇ ತಿಂಗಳಲ್ಲಿ ರಾತ್ರಿಯಿಡೀ ಹೊರಗೇ ಬಿಟ್ಟಿದ್ದೆ. ನಮ್ಮ ರಾಯಚೂರು ಬಿಸಿಲು ಗೊತ್ತಲ್ವಾ, ಬೆಳಿಗ್ಗೆ ಹುಳಿ ವಾಸನೆ! ಫ್ರಿಜ್ಜಲ್ಲಿ ಮೂರು ದಿನ ಇರುತ್ತೆ.

ಮರುದಿನ ಅದು ಜೆಲ್ಲಿ ಥರ ಅಲುಗಾಡುತ್ತೆ. ಕೆಟ್ಟಿದೆ ಅಂತ ನಮ್ಮ ಅತ್ತೆ ಚೆಲ್ಲೋಕೆ ಹೊರಟಿದ್ದರು. ಅದು ಜೆಲಟಿನ್, ಬಿಸಿ ಮಾಡಿದರೆ ಕರಗುತ್ತೆ. ಕ್ಯಾಲ್ಸಿಯಂ ತುಂಬಿರುತ್ತೆ ಅಂತಾರೆ, ಅಷ್ಟೇನೂ ಇಲ್ಲ. ಆದರೆ ಜ್ವರ ಬಂದು ಬಾಯಿ ಕೆಟ್ಟಾಗ ಹಿತ. ಬಿಸಿ ರಸಕ್ಕೆ ಜೋಳದ ರೊಟ್ಟಿ ಮುರಿದು ಹಾಕಿ, ಎರಡು ನಿಮಿಷ ನೆನೆಯಲಿ.