ಸೆಕೆಂಡ್‌ಹ್ಯಾಂಡ್ ವರ್ಟಿಕಲ್ ಬೇಲಿಂಗ್ ಮಷೀನು: ನನ್ನ ಅನುಭವ

ಬೇಲಿಂಗ್ ಮಷೀನು ಅಂದರೆ ರಟ್ಟು, ಪ್ಲಾಸ್ಟಿಕ್ ಬಾಟಲಿಯಂಥ ಗುಜರಿ ಮಾಲನ್ನು ಒತ್ತಿ ಗಟ್ಟಿ ಕಟ್ಟು, ಅಂದರೆ ಬೇಲು, ಮಾಡುವ ಯಂತ್ರ. ಮೇಲಿನಿಂದ ಒತ್ತುವುದು ವರ್ಟಿಕಲ್, ಅಡ್ಡಲಾಗಿ ಒತ್ತುವುದು ಹಾರಿಜಾಂಟಲ್. ಬೆಂಗಳೂರಿನ ನಾಯಂಡಹಳ್ಳಿ ಕಡೆಯ ಗುಜರಿ ದೋಸ್ತರೆಲ್ಲ ಹೇಳಿದ್ದು ಒಂದೇ ಮಾತು: "ಸೆಕೆಂಡ್‌ಹ್ಯಾಂಡ್ ವರ್ಟಿಕಲ್ಲಿಗೆ ದುಡ್ಡು ಸುರೀಬೇಡ. ತಗೊಂಡ್ರೆ ಹಾರಿಜಾಂಟಲ್ಲೇ ತಗೋ." ನಾನು ಕೇಳಲಿಲ್ಲ. ಮೊನ್ನೆ ಅವರಲ್ಲೇ ಇಬ್ಬರು ನನ್ನ ಗೋಡೌನಿಗೆ ಬಂದು ಫೋಟೋ ಹೊಡೆದುಕೊಂಡು ಹೋದರು.

ಮೊದಲು ಇದ್ದದ್ದು ಕೈಯಲ್ಲಿ ತಿರುಗಿಸುವ ಸ್ಕ್ರೂ ಪ್ರೆಸ್. 40 ಸಾವಿರ ಕೊಟ್ಟಿದ್ದೆ ಅಂತ ನೆನಪು. ರಟ್ಟಿಗೆ ಪರವಾಗಿಲ್ಲ. ಬಾಟಲಿಯಾದರೆ ಇಬ್ಬರು ಹುಡುಗರು ಬೆವರು ಸುರಿಸಿದರೂ 20 ಕೆಜಿ ಮೂಟೆ. ಆರು ತಿಂಗಳಿಗೆ ಅದೂ ಗುಜರಿಗೆ ಹೋಯಿತು, ತೂಕದ ರೇಟಿಗೆ.

ಹಾರಿಜಾಂಟಲ್ ಪಕ್ಕದ ಗೋಡೌನಿನಲ್ಲೇ ಇದೆ. ಕನ್ವೇಯರಿನಲ್ಲಿ ಮಾಲು ಬರುತ್ತಲೇ ಇದ್ದರೆ ರಾಜನ ಥರ ಓಡುತ್ತದೆ. ನನಗೆ ದಿನಕ್ಕೆ ಬರುವುದೇ ಎರಡು ಟನ್. ಅದಕ್ಕೆ ಅದು ಎರಡು ಗಂಟೆ ಕೆಲಸ. ಆಮೇಲೆ ಸುಮ್ನೆ ನಿಂತಿದ್ದರೂ 40 ಎಚ್‌ಪಿ ಲೋಡಿಗೆ ಕರೆಂಟಿನ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು, ಅಲ್ವಾ?

ಎರಡೂಕಾಲು ಲಕ್ಷಕ್ಕೆ 10 ಎಚ್‌ಪಿ ವರ್ಟಿಕಲ್ ತಂದೆ. ಮೊದಲ ತಿಂಗಳು ಸಾಕುಸಾಕಾಯಿತು. ಸಿಲಿಂಡರ್ ಸೀಲು ಸೋರಿ, ಆಯಿಲ್ಲಿಗೂ ಮೆಕ್ಯಾನಿಕ್ಕಿಗೂ 30 ಸಾವಿರ ಚಿಲ್ಲರೆ ಹೋಯಿತು. ಬಾಗಿಲು ತೆಗೆದ ಕೂಡಲೇ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಬೇಲು ಇಡ್ಲಿ ಥರ ಉಬ್ಬುತ್ತಿತ್ತು, ಪ್ಲಾಸ್ಟಿಕ್ ಪಟ್ಟಿ ಪಟ್ಟಂತ ಕಿತ್ತುಹೋಗುತ್ತಿತ್ತು. ಮಷೀನಿಗೆ ಬೈದೆ, ಹುಡುಗರಿಗೆ ಬೈದೆ. ಆಮೇಲೆ ನೋಡಿದರೆ ಎಲ್ಲ ಮುಚ್ಚಳದ ಕಿತಾಪತಿ. ಬಿಗಿ ಮುಚ್ಚಳದ ಬಾಟಲಿಯಿಂದ ಗಾಳಿ ಹೊರಗೆ ಹೋಗುವುದೇ ಇಲ್ಲ. ಈಗ ಮಾಲು ವಿಂಗಡಿಸುವಾಗಲೇ ಹೆಂಗಸರು ಮುಚ್ಚಳ ಬಿಚ್ಚುತ್ತಾರೆ. ಅದು ಬೇರೆ ರೇಟಿಗೆ ಹೋಗುತ್ತದೆ. ಪಟ್ಟಿ ಬಿಟ್ಟು ತಂತಿ, ನಾಲ್ಕು ಸುತ್ತು. ಒತ್ತಿ ಹಿಡಿದುಕೊಂಡೇ ಕಟ್ಟಬೇಕು. ಎಷ್ಟು ಹೊತ್ತು ಹಿಡಿಯಬೇಕು, ಮೂಲೆಗೆ ಮೊದಲು ಏನು ತುಂಬುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು. ತಂತಿ ಖರ್ಚು ಉಳಿಸೋಣ ಅಂತ ಹಳೇ ಸೀರೆ ಹೊಸೆದು ಎಲ್‌ಡಿ ಕವರ್ (ತೆಳು ಪ್ಲಾಸ್ಟಿಕ್ ಕವರ್) ಬೇಲು ಕಟ್ಟಿದೆ. ಗಟ್ಟಿಯಾಗಿಯೇ ನಿಂತಿತು. ತಗೊಳ್ಳುವವರು ಬಟ್ಟೆ ಸೇರಿದೆ ಅಂತ ಕೆಜಿಗೆ ಒಂದು ರೂಪಾಯಿ ಮುರಿದುಕೊಂಡರು. ಅಲ್ಲಿಗೆ ಬಿಟ್ಟೆ.

ದುಡ್ಡು ಉಳಿದದ್ದು ಗಾಡಿ ಬಾಡಿಗೆಯಲ್ಲಿ. ಬಿಡಿ ಬಾಟಲಿ ಟಾಟಾ 407 ಗಾಡಿಗೆ (ಸಣ್ಣ ಲಾರಿ) ಬಲೆ ಕಟ್ಟಿ ತುಂಬಿದರೂ 450 ಕೆಜಿ ದಾಟುತ್ತಿರಲಿಲ್ಲ. ಈಗ 60-65 ಕೆಜಿಯ ಬೇಲು, 30ರ ಹತ್ತಿರ ಹಿಡಿಯುತ್ತವೆ. ನಾಲ್ಕು ಟ್ರಿಪ್ಪಿನ ಮಾಲು ಒಂದೇ ಟ್ರಿಪ್ಪಿಗೆ. ಹಾಕಿದ ದುಡ್ಡು 14 ತಿಂಗಳಿಗೆ ವಾಪಸ್ ಬಂತು. ರಟ್ಟಿನ ಬೇಲು 100 ಕೆಜಿ ಮೇಲೇ ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಪಸೆ ಜಾಸ್ತಿ ಅಂತ ಮಿಲ್ಲಿನವರು ತೂಕ ಕಡಿಯುತ್ತಾರೆ. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ಟಾರ್ಪಾಲೇ ಗತಿ.